ಒಂದು ಫೋನು, ಒಬ್ಬ ಗಿರಾಕಿ: ಬಿಬಿಎಸ್ ಕಾಲದ ಗಡಿ ಊರುಗಳು

ನಮ್ಮ ಉಪ್ಪನ ಅಂಗಡಿಯಲ್ಲಿ ಎಸ್‌ಟಿಡಿ ಬೂತ್ ಇತ್ತು. ಅಕ್ಕಿ, ಬೆಲ್ಲ, ಒಣಮೀನಿನ ಪಕ್ಕದಲ್ಲೇ ಗಾಜಿನ ಗೂಡು, ಅದರೊಳಗೆ ಒಂದು ಸ್ಟೂಲು. ಊರಿನ ಅರ್ಧ ಮನೆಗಳಿಗೆ ಅದೇ ಪಿಪಿ ನಂಬರ್. ದಮ್ಮಾಮಿನಿಂದಲೋ ಜುಬೈಲಿನಿಂದಲೋ ಫೋನ್ ಬಂದರೆ ನನ್ನನ್ನು ಓಡಿಸುತ್ತಿದ್ದರು. ಆ ಮನೆಯವರು ಸಿಗದಿದ್ದರೆ ಉಪ್ಪ ಸಾಲದ ಪುಸ್ತಕವನ್ನು ತಿರುಗಿಸಿ ಹಿಂದಿನ ಪುಟದಲ್ಲಿ ವಿಷಯ ಬರೆದಿಡುತ್ತಿದ್ದರು: ಯಾರಿಗೆ, ಯಾರಿಂದ, ಏನು. ಸಂಜೆ ಸಾಮಾನಿಗೆ ಬಂದವರು ಪುಟ ತಿರುವಿ ತಮ್ಮದನ್ನು ಓದಿಕೊಂಡು, ಪಕ್ಕದ ಮನೆಯವರದ್ದನ್ನೂ ಓದಿಕೊಂಡು ಹೋಗುತ್ತಿದ್ದರು.

ಆ ಪುಸ್ತಕ ನೆನಪಾದದ್ದು ಜಹೀರಾಬಾದಿನ ಒಂದು ಗುಜರಿ ಅಂಗಡಿಯಲ್ಲಿ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅಲ್ಲಿ ಇಲ್ಲಿ ದುಡಿದು, ಈಗ ಆರು ವರ್ಷದಿಂದ ನಾನು ಈ ಊರಿನಲ್ಲಿ ಯಂತ್ರ ರಿಪೇರಿ ಮಾಡುವವನು. ಹಳೇ ಬೇರಿಂಗ್ ಹುಡುಕುತ್ತಿದ್ದಾಗ ವೈರಿನ ರಾಶಿಯಲ್ಲಿ ಎರಡು ಡಯಲ್-ಅಪ್ ಮೋಡೆಮ್ ಸಿಕ್ಕವು. ಇನ್ನೂರು ರೂಪಾಯಿಗೆ ಎರಡನ್ನೂ ಕೊಟ್ಟ. ಇವುಗಳಿಂದ ಏನು ಮಾಡಬಹುದು ಎಂದು ಹುಡುಕುತ್ತಾ ಹೋದವನು ಇಂಟರ್ನೆಟ್ಟಿಗಿಂತ ಹಿಂದಿನ ಒಂದು ಕಾಲಕ್ಕೆ ಬಂದು ನಿಂತೆ. ಅದರ ಹೆಸರು ಬುಲೆಟಿನ್ ಬೋರ್ಡ್ ಸಿಸ್ಟಮ್, ಅಂದರೆ ಬಿಬಿಎಸ್.

ಒಂದು ಕಂಪ್ಯೂಟರ್, ಒಂದು ಮೋಡೆಮ್, ಒಂದು ಫೋನ್ ಲೈನ್. ಇಷ್ಟಿದ್ದರೆ ಒಂದು ಬೋರ್ಡು. ಬೇರೆಯವರು ತಮ್ಮ ಮನೆಯ ಕಂಪ್ಯೂಟರಿನಿಂದ ಆ ನಂಬರಿಗೆ ಫೋನ್ ಮಾಡಿ, ಹೆಸರು ಮತ್ತು ಗುಟ್ಟಿನ ಪದ ಕೊಟ್ಟು ಒಳಗೆ ಹೋಗಬೇಕು. ಹಿಂದಿನವರು ಬರೆದಿಟ್ಟದ್ದನ್ನು ಓದಿ, ತಮ್ಮದನ್ನು ಬರೆದು ಫೋನ್ ಇಡಬೇಕು. ಒಬ್ಬರು ಒಳಗಿದ್ದರೆ ಉಳಿದವರಿಗೆ ಎಂಗೇಜ್ ಟೋನ್. ನಡೆಸುವವನನ್ನು ಸಿಸಾಪ್ ಎನ್ನುತ್ತಿದ್ದರು. ಇದನ್ನು ಉಪ್ಪನಿಗೆ ಫೋನಿನಲ್ಲಿ ವಿವರಿಸಿದೆ. "ಒಂದು ಫೋನು, ಒಬ್ಬ ಗಿರಾಕಿ, ಉಳಿದವರು ಹೊರಗೆ. ಇದರಲ್ಲಿ ಹೊಸತೇನುಂಟು?" ಎಂದರು.

ಮೊದಲ ಬೋರ್ಡು ಶುರುವಾದದ್ದು ಅಮೆರಿಕದ ಶಿಕಾಗೋದಲ್ಲಿ. 1978ರ ಜನವರಿಯ ದೊಡ್ಡ ಹಿಮಪಾತದಲ್ಲಿ ಮನೆಯೊಳಗೆ ಸಿಕ್ಕಿಬಿದ್ದ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ್‍ಯಾಂಡಿ ಸ್ಯೂಸ್ ಎಂಬಿಬ್ಬರು ಕೆಲಸ ಹಿಡಿದು ಫೆಬ್ರವರಿ 16ಕ್ಕೆ ಬೋರ್ಡನ್ನು ತೆರೆದರು. ಹಿಂದಿನ ವರ್ಷವೇ ಕ್ರಿಸ್ಟೆನ್ಸನ್ ಎಕ್ಸ್‌ಮೋಡೆಮ್ ಎಂಬ ಕ್ರಮವನ್ನು ಬರೆದಿದ್ದರು. ಕಡತವನ್ನು 128 ಬೈಟುಗಳ ತುಂಡು ಮಾಡಿ, ಪ್ರತಿ ತುಂಡಿನ ಜೊತೆ ಅದರ ಲೆಕ್ಕವನ್ನೂ ಕಳಿಸುವುದು. ಆ ಕಡೆ ಲೆಕ್ಕ ತಾಳೆಯಾಗದಿದ್ದರೆ ಅದೇ ತುಂಡನ್ನು ಮತ್ತೆ ಕೇಳುವುದು. ಲಾರಿಯಿಂದ ಮೂಟೆ ಎಣಿಸಿ ಇಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರಕರ ಸದ್ದಿನ ಫೋನ್ ತಂತಿಯಲ್ಲೂ ಕಡತ ಕೆಡದೆ ದಾಟುತ್ತಿದ್ದದ್ದು ಇದರಿಂದಲೇ.

ನಮ್ಮ ದೇಶದಲ್ಲಿ ಹೆಸರು ಮಾಡಿದ ಬೋರ್ಡುಗಳೆಲ್ಲ ದೊಡ್ಡ ನಗರದವು. ಮುಂಬೈಯಲ್ಲಿ ಲೈವ್ ವೈರ್ ಇತ್ತು. ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ 1989ರಲ್ಲಿ ಶುರು ಮಾಡಿದ ಸಿಐಎಕ್ಸ್ ಇತ್ತು. ಚಿಟ್ನಿಸ್ ಹುಟ್ಟಿದ್ದು ಬರ್ಲಿನ್ನಿನಲ್ಲಿ, ತೀರಿಕೊಂಡದ್ದು 2013ರಲ್ಲಿ ಬೆಂಗಳೂರಿನಲ್ಲಿ. ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಲಿನಕ್ಸ್ ಸಿ.ಡಿ. ಹಂಚಿದ ಕೆಲಸದಲ್ಲಿ ಅವರ ಹೆಸರು ಕೇಳಿದವರು ಹೆಚ್ಚು; ಬೋರ್ಡಿನ ಕಥೆ ಗೊತ್ತಿರುವವರು ಕಡಿಮೆ.

ಹೊಸಬರು ಬೋರ್ಡಿಗೆ ಸೇರುವುದು ಇಂದಿನಂತೆ ಸುಲಭವಿರಲಿಲ್ಲ. ಟೆಲಿಕ್ಸ್ ಅಥವಾ ಪ್ರೊಕಾಮ್ ಎಂಬ ತಂತ್ರಾಂಶ ಬೇಕು. ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಎಂದು ಎರಡೂ ಕಡೆ ಹೊಂದಿಸಬೇಕು. ಇಲ್ಲದಿದ್ದರೆ ಪರದೆಯ ತುಂಬ ಕಸ. ಹಳೆಯ ಎಕ್ಸ್‌ಚೇಂಜಿಗೆ ಟೋನ್ ಅರ್ಥವಾಗುತ್ತಿರಲಿಲ್ಲ, ಆದ್ದರಿಂದ ಎಟಿಡಿಟಿ ಬದಲು ಎಟಿಡಿಪಿ ಎಂದು ಕೊಡಬೇಕು. ಆಗ ಮೋಡೆಮ್ ತಿರುಗಣೆ ಫೋನಿನಂತೆ ಟಕಟಕ ಎಂದು ಡಯಲ್ ಮಾಡುತ್ತದೆ. 2400ರ ವೇಗ ಎಂದರೆ ಸೆಕೆಂಡಿಗೆ ಸುಮಾರು 240 ಅಕ್ಷರ. ಒಂದು ಎಂ.ಬಿ. ಕಡತ ಇಳಿಯಲು ಒಂದು ಗಂಟೆಯ ಮೇಲೆ ಹನ್ನೆರಡು ನಿಮಿಷ, ಅದೂ ನಡುವೆ ಲೈನ್ ಕಡಿಯದಿದ್ದರೆ!

ಬೆಂಗಳೂರಿನವರಿಗೆ ಸಿಐಎಕ್ಸ್ ಲೋಕಲ್ ಕರೆ. ಜಹೀರಾಬಾದಿನವರಿಗೆ 080 ಒತ್ತಬೇಕಾದ ಎಸ್‌ಟಿಡಿ. ಅಷ್ಟು ದೂರ ಬೇಡ, ಬೀದರನ್ನೇ ನೋಡಿ. ಇಲ್ಲಿಂದ ಮೂವತ್ತು ಕಿಲೋಮೀಟರಿನ ಆಸುಪಾಸು. 1956ರ ನವೆಂಬರ್ 1ರ ತನಕ ನಿರ್ಣಾ ಸರ್ಕಲ್ ಸೇರಿ ಜಹೀರಾಬಾದ್ ತಾಲ್ಲೂಕು ಬೀದರ್ ಜಿಲ್ಲೆಯದ್ದು. ನಾರಾಯಣಖೇಡ ತಾಲ್ಲೂಕೂ ಬೀದರಿನದ್ದೇ. ತಾಂಡೂರು ಗುಲ್ಬರ್ಗ ಜಿಲ್ಲೆಯದ್ದು. ರಾಜ್ಯಗಳ ಪುನರ್ವಿಂಗಡಣೆಯಾದಾಗ ನಿರ್ಣಾ ಈ ಕಡೆ ಮೈಸೂರಿಗೆ ಉಳಿಯಿತು. ಬಾಕಿ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಆಂಧ್ರಕ್ಕೆ ಹೋದವು. ಮದುವೆಯ ಸಂಬಂಧ, ಜೋಳದ ವ್ಯಾಪಾರ, ಮಠ, ದರ್ಗಾ ಯಾವುದೂ ಆ ಗೆರೆ ನೋಡಿ ನಿಲ್ಲಲಿಲ್ಲ. ಆದರೆ ಆಫೀಸು, ಶಾಲೆ ನಿಂತವು. ಆಮೇಲೆ ಬಂದ ಫೋನೂ ನಿಂತಿತು. ಜಹೀರಾಬಾದಿಗೆ 08451, ನಾರಾಯಣಖೇಡಕ್ಕೆ 08456, ತಾಂಡೂರಿಗೆ 08411, ಬೀದರಿಗೆ 08482.

ನಾನಿರುವ ಮನೆಯ ಯಜಮಾನರು ನಾರಾಯಣಖೇಡದ ಕಡೆಯ ಕನ್ನಡದವರು, ಎಂಬತ್ತರ ಹತ್ತಿರ. ಅವರ ಅಕ್ಕನನ್ನು ಬೀದರಿಗೆ ಕೊಟ್ಟಿತ್ತು. "ಫೋನ್ ಹಚ್ಚಿದ್ರ ಕಣ್ಣು ಮೀಟರ್ ಮ್ಯಾಲೆ ಇರ್ತಿತ್ತು ನೋಡ್ರಿ. ಅಕ್ಕ ಅಳಾಕ ಸುರು ಮಾಡಿದ್ರ, 'ಲಗೂ ಹೇಳು, ರೊಕ್ಕ ಓಡ್ತದ' ಅಂತಿದ್ದೆ," ಎಂದು ಒಮ್ಮೆ ಹೇಳಿದರು. ರಾತ್ರಿ ಹನ್ನೊಂದರ ಮೇಲೆ ಕಾಲು ದರ ಇತ್ತಲ್ಲ ಅಜ್ಜ ಎಂದೆ. ಆಗ ಬೂತಿನಾಗ ಸಾಲು ಇರ್ತಿತ್ತು ಎಂದರು.

ಇಲ್ಲಿಯೇ ನನಗೆ ಫಿಡೋನೆಟ್ ವಿಷಯ ಹೊಟ್ಟೆ ಉರಿಸಿದ್ದು. 1984ರಲ್ಲಿ ಟಾಮ್ ಜೆನ್ನಿಂಗ್ಸ್ ಎಂಬವರು ಕಟ್ಟಿದ ವ್ಯವಸ್ಥೆ ಅದು. ಹಗಲೆಲ್ಲ ಊರಿನವರು ಲೋಕಲ್ ಕರೆಯಲ್ಲಿ ತಮ್ಮ ಬೋರ್ಡಿಗೆ ಬರೆಯುತ್ತಾರೆ. ರಾತ್ರಿ ಕರೆ ಅಗ್ಗವಾದಾಗ ಬೋರ್ಡು ತಾನೇ ಇನ್ನೊಂದು ಬೋರ್ಡಿಗೆ ಫೋನ್ ಮಾಡಿ ಎಲ್ಲ ಕಾಗದಗಳನ್ನೂ ಒಟ್ಟಿಗೆ ದಾಟಿಸುತ್ತದೆ. ಲೆಕ್ಕ ಹಾಕಿದೆ. ಸಾವಿರ ಅಕ್ಷರದ ಇಪ್ಪತ್ತು ಕಾಗದ ಎಂದರೆ ಇಪ್ಪತ್ತು ಸಾವಿರ ಅಕ್ಷರ. 2400ರ ವೇಗದಲ್ಲಿ ಒಂದೂವರೆ ನಿಮಿಷವೂ ಬೇಡ. ಜಹೀರಾಬಾದಿನ ಇಪ್ಪತ್ತು ಮನೆಯ ಸುದ್ದಿ, ಮಧ್ಯರಾತ್ರಿಯ ಕಾಲು ದರದಲ್ಲಿ, ಒಂದೇ ಕರೆಗೆ ಬೀದರ್ ತಲುಪುತ್ತಿತ್ತು. ಯಾರೂ ಮೀಟರ್ ನೋಡಿ ಅಕ್ಕನನ್ನು ಗದರಿಸಬೇಕಾಗಿರಲಿಲ್ಲ.

ಸಾಧನ ಇರಲಿಲ್ಲವೆಂದಲ್ಲ. 128 ಲೈನಿನ ಸಿ-ಡಾಟ್ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಅಂಥವು ಹರಡಿದ ಮೇಲೆಯೇ ಸಣ್ಣ ಊರುಗಳಲ್ಲಿ ಹಳದಿ ಬೂತುಗಳು ಬಂದದ್ದು. ಆದರೆ ಅಂಗಡಿಯವನೊಬ್ಬ ಬೋರ್ಡು ಇಡುತ್ತೇನೆಂದಿದ್ದರೆ? ಕಂಪ್ಯೂಟರಿನ ಬೆಲೆ ಒಂದು ಕಡೆ, ವರ್ಷಗಟ್ಟಲೆ ಕಾಯಬೇಕಿದ್ದ ಎರಡನೇ ಲೈನು ಇನ್ನೊಂದು ಕಡೆ. ಇವೆರಡರ ಮೇಲೆ ಕಾನೂನು. 1885ರ ಟೆಲಿಗ್ರಾಫ್ ಕಾಯ್ದೆಯ ಬಲದಲ್ಲಿ ದೂರಸಂಪರ್ಕ ಇಲಾಖೆ 90ರ ದಶಕದ ನಡುವೆ ಬಿಬಿಎಸ್‌ಗಳಿಗೆ ವರ್ಷಕ್ಕೆ 15 ಲಕ್ಷ ರೂಪಾಯಿಯ ಲೈಸೆನ್ಸ್ ಶುಲ್ಕ ಎಂದಿತು. ಹೆಚ್ಚಿನ ಬೋರ್ಡುಗಳು ಆಸಕ್ತಿಯಿಂದ, ಪುಕ್ಕಟೆಯಾಗಿ ನಡೆಯುತ್ತಿದ್ದವು. ದೆಹಲಿಯ ಅರುಣ್ ಮೆಹ್ತಾ ಮೊದಲಾದವರು ಇದರ ವಿರುದ್ಧ ಎದ್ದು ನಿಂತರು. 15 ಲಕ್ಷ ಎಂದರೆ ಆಗ ನಮ್ಮ ಉಪ್ಪನ ಅಂಗಡಿಯಂಥ ಎಷ್ಟು ಅಂಗಡಿ ಬರುತ್ತಿತ್ತೋ.

ಲಿಪಿಯ ತೊಡಕೂ ಇತ್ತು. ಭಾರತೀಯ ಲಿಪಿಗಳಿಗೆ ಇಸ್ಕಿ ಎಂಬ ಸಂಕೇತ ಪದ್ಧತಿ 1991ರಲ್ಲಿ ಅಧಿಕೃತವಾಯಿತು. ಅದೇ ವರ್ಷ ಯುನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡ ಸೇರಿತು. ಆದರೂ ಸಾಮಾನ್ಯ ಕಂಪ್ಯೂಟರಿನ ಪರದೆಯಲ್ಲಿ ಕನ್ನಡ ಮೂಡಲು ಜಿಸ್ಟ್ ಕಾರ್ಡ್ ಬೇಕಿತ್ತು. ಅದಿಲ್ಲದವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಬೇಕು. ನಮಗೆ ಬ್ಯಾರಿಗಳಿಗೆ ಇದು ದೊಡ್ಡ ಸಂಗತಿಯಲ್ಲ. ಬ್ಯಾರಿ ಬಾಸೆಯನ್ನು ಕನ್ನಡ ಅಕ್ಷರದಲ್ಲಿ ಬರೆದೇ ನಾವು ಬೆಳೆದವರು.

1995ರ ಆಗಸ್ಟ್ 15ಕ್ಕೆ ವಿಎಸ್ಎನ್ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ವಿದ್ಯಾರ್ಥಿಗಳಿಗೆ 500 ರೂಪಾಯಿಗೆ ಬರೀ ಅಕ್ಷರ ಕಾಣುವ ಖಾತೆ ಸಿಗುತ್ತಿತ್ತು. ಬೋರ್ಡುಗಳು ಒಂದೊಂದಾಗಿ ಫೋನ್ ಕೆಳಗಿಟ್ಟವು.

ಗುಜರಿಯ ಮೋಡೆಮುಗಳ ಕಥೆ ಬಾಕಿ ಇದೆ. ಕೆಡವಿದ ಲಾಡ್ಜಿನ ಇಂಟರ್ಕಾಮ್ ಪೆಟ್ಟಿಗೆಯೊಂದನ್ನೂ ತಂದೆ. ಹಳೇ ಲ್ಯಾಪ್‌ಟಾಪಿಗೆ ಸಿಂಕ್ರೊನೆಟ್ ಹಾಕಿದೆ. 1991ರಿಂದ ಬೆಳೆದು ಬಂದ ಈ ಬಿಬಿಎಸ್ ತಂತ್ರಾಂಶ ಈಗ ಉಚಿತ. ಎರಡು ರಾತ್ರಿ ಮೋಡೆಮ್ ಡಯಲ್ ಟೋನ್ ಇಲ್ಲ ಎಂದು ಹಟ ಹಿಡಿಯಿತು. ಇಂಟರ್ಕಾಮಿನ ಟೋನ್ ಅದಕ್ಕೆ ಟೋನ್ ಎಂದೇ ಅನಿಸಿರಲಿಲ್ಲ. ಟೋನಿಗೆ ಕಾಯಬೇಡ ಎನ್ನುವ ಎಟಿಎಕ್ಸ್3 ಕೊಟ್ಟ ಮೇಲೆ ಡಯಲ್ ಮಾಡಿತು. ವೇಗವನ್ನು ಬೇಕೆಂದೇ 2400ಕ್ಕೆ ಕಟ್ಟಿಹಾಕಿದೆ. ಆ ಕಿರುಚಾಟ ಕೇಳಿ ಅಜ್ಜ ಮೇಲೆ ಬಂದರು.

"ಏನರೆ ಹೇಳ್ರಿ, ಬೀದರ್ ಅಂತ ಹೆಸರಿಟ್ಟೀನಿ ಆ ಪೆಟ್ಟಿಗಿಗೆ," ಎಂದೆ, ನನಗೆ ಬಂದಷ್ಟು ಅವರ ಮಾತಿನಲ್ಲಿ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅಕ್ಕಾ, ಈ ಸಲ ಜ್ವಾಳ ಚಲೋ ಬಂದಾವ. ಎರಡು ಚೀಲ ಕಳಿಸ್ತೀನಿ. ಮೊಣಕಾಲು ಹ್ಯಾಂಗದ?" ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿ ಕಳಿಸಿದೆ. ಕೋಣೆಯ ಆ ಮೂಲೆಯ ಪರದೆಯಲ್ಲಿ ಸಾಲು ಮೂಡಿತು. ಅಕ್ಕ ತೀರಿಕೊಂಡು ಹನ್ನೊಂದು ವರ್ಷವಾಯಿತಂತೆ.

"ಬಿಲ್ ಎಷ್ಟಾತು?" ಎಂದರು.

"ಏನೂ ಇಲ್ಲ ಅಜ್ಜ."

"ಹಂಗಾರ ಇನ್ನೊಂದು ಬರಿ."