ನಾಯಕನನ್ನು ಹಿಂದಿಕ್ಕಿದ ಪಾತ್ರಗಳು

ಮೆಚ್ಚಿದ ಪಾತ್ರಗಳಿಗೆ ಮೊದಲನೆಯದು, ಎರಡನೆಯದು ಎಂದು ಸ್ಥಾನ ಹಂಚುವುದು ಮೇಲ್ನೋಟಕ್ಕೆ ಹುಡುಗಾಟ. ಆದರೆ ಜಪಾನಿನ ಆ್ಯನಿಮೇಷನ್ ಸರಣಿಗಳ, ಅಂದರೆ ‘ಅನಿಮೆ’ಗಳ, ಅಭಿಮಾನಿಗಳಿಗೆ ಅದು ಗಂಭೀರ ವಿಷಯ. ಆ ದೇಶದಲ್ಲಿ ಇಂಥ ಪಟ್ಟಿಗಳಿಗೆ ಮೂರು ಶತಮಾನಗಳಿಗೂ ಮಿಕ್ಕಿದ ಇತಿಹಾಸವಿದೆ.

ಕಬುಕಿ ರಂಗಭೂಮಿಯ ನಟರನ್ನು ತೂಗಿ ದರ್ಜೆ ಕೊಡುವ ಪುಸ್ತಕಗಳು 17ನೇ ಶತಮಾನದಲ್ಲೇ ಅಚ್ಚಾಗುತ್ತಿದ್ದವು. 1699ರಲ್ಲಿ ಕ್ಯೋಟೊದ ಹಚಿಮೊಂಜಿಯಾ ಪ್ರಕಾಶಕರು ತಂದ ಕೃತಿ ಕ್ಯೋಟೊ, ಒಸಾಕಾ ಹಾಗೂ ಈಗಿನ ಟೋಕಿಯೊ ಆದ ಎಡೊ ನಗರಗಳ ನಟರಿಗೆ ಒಂದೊಂದು ಸಂಪುಟ ಮೀಸಲಿಟ್ಟು, ಮುಂದಿನವರಿಗೆ ಮಾದರಿಯಾಯಿತು. ಸುಮೊ ಮಲ್ಲರ ಶ್ರೇಣಿಯನ್ನು ಒಂದೇ ಹಾಳೆಯಲ್ಲಿ ತೋರಿಸುವ ‘ಬಾನ್‌ಜುಕೆ’ಯನ್ನು ಅನುಕರಿಸಿ ಬಿಸಿನೀರಿನ ಬುಗ್ಗೆಗಳಿಗೂ ಜನ ಶ್ರೇಣಿ ಕಟ್ಟಿದರು.

ಈ ಹವ್ಯಾಸವನ್ನು ವಾರದ ಲೆಕ್ಕಾಚಾರವಾಗಿಸಿದ್ದು ‘ಮಾಂಗಾ’ ಎಂಬ ಚಿತ್ರಕಥೆಗಳ ಪತ್ರಿಕೆಗಳು. ಬಹಳಷ್ಟು ಅನಿಮೆಗಳಿಗೆ ಮೂಲ ಈ ಮಾಂಗಾಗಳೇ. 1968ರಲ್ಲಿ ಆರಂಭವಾದ ‘ಶೋನೆನ್ ಜಂಪ್’ ಪತ್ರಿಕೆ, ಸಂಚಿಕೆಯಲ್ಲಿ ಹಿಡಿಸಿದ ಮೂರು ಕಥೆಗಳನ್ನು ಕಾರ್ಡಿನಲ್ಲಿ ಬರೆದು ಕಳುಹಿಸುವಂತೆ ಓದುಗರನ್ನು ಕೇಳಿತು. ಮೆಚ್ಚುಗೆ ಸಿಗದ ಧಾರಾವಾಹಿ ಕೆಲವೇ ತಿಂಗಳಲ್ಲಿ ನಿಲ್ಲುತ್ತಿತ್ತು. ಪಾತ್ರಗಳಿಗೇ ಮತ ಹಾಕುವ ಸ್ಪರ್ಧೆಗಳೂ ಬಂದವು. ಹೀಗೆ ಶಾಲಾ ಹುಡುಗನ ಅಂಚೆ ಕಾರ್ಡಿಗೆ ಕಥೆಗಾರನ ಹೊಟ್ಟೆಪಾಡನ್ನು ನಿರ್ಧರಿಸುವ ಬಲ ಬಂತು.

ಆದರೆ ಓದುಗರ ಒಲವು ನಾಯಕನ ಕಡೆಗೇ ಹರಿಯಬೇಕೆಂದಿಲ್ಲ. ಅಸಾವೊ ತಕಾಮೊರಿ ಕಥೆ ಬರೆದು ತೆತ್ಸುಯಾ ಚಿಬಾ ಚಿತ್ರ ಬಿಡಿಸಿದ ‘ಅಶಿತಾ ನೊ ಜೊ’ ಎಂಬ ಬಾಕ್ಸಿಂಗ್ ಮಾಂಗಾ ಇದಕ್ಕೆ ಸಾಕ್ಷಿ. ನಾಯಕ ಜೊ, ಅವನ ಎದುರಾಳಿ ತೋರು ರಿಕಿಶಿ. ಚಿಬಾ ಮೊದಲಿಗೆ ರಿಕಿಶಿಯನ್ನು ಜೊಗಿಂತ ಎತ್ತರದ ಆಳಾಗಿ ಚಿತ್ರಿಸಿಬಿಟ್ಟಿದ್ದರು. ಇಬ್ಬರೂ ಒಂದೇ ತೂಕದ ವರ್ಗದಲ್ಲಿ ಸೆಣಸಬೇಕಾದರೆ ರಿಕಿಶಿ ಅನ್ನ ನೀರು ಬಿಟ್ಟು ಕೃಶನಾಗಲೇಬೇಕಾಯಿತು. ಅವನು ಪಂದ್ಯ ಗೆದ್ದ, ಪ್ರಾಣ ಬಿಟ್ಟ.

1970ರ ಮಾರ್ಚ್ 24ರಂದು ಟೋಕಿಯೊದ ಕೋದಾನ್‌ಶಾ ಪ್ರಕಾಶನದ ಸಭಾಂಗಣದಲ್ಲಿ ಅವನ ಉತ್ತರಕ್ರಿಯೆ ನಡೆಯಿತು. ನಾಟಕಕಾರ ಶೂಜಿ ತೆರಯಾಮಾ ಅದರ ಮುಂದಾಳು. ಬಾಕ್ಸಿಂಗ್ ಕಣವನ್ನು ನಿರ್ಮಿಸಲಾಗಿತ್ತು. ಬೌದ್ಧ ಪುರೋಹಿತರು ಬಂದಿದ್ದರು. ಸುಮಾರು 700 ಮಂದಿ ಸೇರಿದ್ದರು. ಕಾಗದದ ಮೇಲಿನ ಒಬ್ಬ ಎದುರಾಳಿಗೆ ಸಂದ ಗೌರವ ಇದು. ಮರುವಾರ, ಏಪ್ರಿಲ್ 1ರಂದು, ಅದೇ ಕಥೆಯ ಅನಿಮೆ ಟಿ.ವಿ.ಯಲ್ಲಿ ಆರಂಭವಾಯಿತು. ಇನ್ನೂ ತೆರೆಗೆ ಬರಬೇಕಿದ್ದ ಪಾತ್ರಕ್ಕಾಗಿ ಜನ ಆಗಲೇ ಅತ್ತಾಗಿತ್ತು.

1979ರಲ್ಲಿ ಬಂದ ‘ಗುಂಡಾಮ್’ ಸರಣಿಯಲ್ಲೂ ಇದೇ ಕಥೆ. ವೀಕ್ಷಕರು ಸಾಲದೆ 52 ಕಂತುಗಳ ಯೋಜನೆ 43ಕ್ಕೇ ಮುಗಿಯಿತು. ಆದರೂ ಮುಖವಾಡ ತೊಟ್ಟ ಶತ್ರುಪಕ್ಷದ ಅಧಿಕಾರಿ ಶಾರ್ ಅಭಿಮಾನಿಗಳ ಮನಸ್ಸಿನಲ್ಲಿ ಉಳಿದ. ನಾಯಕ ವಾರವಾರವೂ ಕಥೆಯ ನೊಗ ಹೊರಬೇಕು. ಅವನ ಅಳು, ನಗು, ಅನುಮಾನ ಎಲ್ಲವೂ ಬಯಲು. ಪಕ್ಕದ ಪಾತ್ರ ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತದೆ. ಹೇಳದೆ ಬಿಟ್ಟದ್ದನ್ನು ನೋಡುಗ ತಾನೇ ತುಂಬಿಕೊಳ್ಳುತ್ತಾನೆ; ತುಂಬಿಕೊಂಡಷ್ಟೂ ಆ ಪಾತ್ರ ಅವನದಾಗುತ್ತದೆ.

ಹಾಗೆಂದು ನಾಯಕರು ಸದಾ ಸೋಲುತ್ತಾರೆಂದಲ್ಲ. 2021ರಲ್ಲಿ ‘ಒನ್ ಪೀಸ್’ ಪಾತ್ರಗಳಿಗಾಗಿ ನಡೆದ ಜಾಗತಿಕ ಮತದಾನದಲ್ಲಿ 1.2 ಕೋಟಿಗೂ ಹೆಚ್ಚು ಮತಗಳು ಬಂದವು. ಗೆದ್ದವನು ನಾಯಕ ಲೂಫಿಯೇ. ಬಿಚ್ಚು ಮನಸ್ಸಿನ ಆ ಹುಡುಗನಲ್ಲಿ ಮುಚ್ಚಿಟ್ಟದ್ದು ಕಡಿಮೆ. ಜನ ಮೆಚ್ಚಿದ್ದೂ ಅದನ್ನೇ.

‘ನರುಟೊ’ ಅನಿಮೆಗೆ 20 ವರ್ಷ ತುಂಬಿದಾಗ ನಡೆದ ಮತದಾನದ ತೀರ್ಪು ಬೇರೆ. ಅದರ ಫಲಿತಾಂಶ 2023ರಲ್ಲಿ ಬಂತು. ಮೊದಲ ಸ್ಥಾನ ನರುಟೊಗೆ ಸಿಗಲಿಲ್ಲ. ಅವನ ತಂದೆ ಮಿನಾಟೊಗೆ ಸಿಕ್ಕಿತು, ಸುಮಾರು 7.9 ಲಕ್ಷ ಮತಗಳೊಂದಿಗೆ. ಮಗ ಹುಟ್ಟಿದ ದಿನವೇ ಊರನ್ನೂ ಕೂಸನ್ನೂ ಉಳಿಸಲು ಜೀವ ತೆತ್ತವನು ಈತ. ಎರಡನೆಯವನಾದ ಇಟಾಚಿಯೂ ತಮ್ಮನಿಗಾಗಿ ಕೆಟ್ಟ ಹೆಸರು ಹೊತ್ತು ಸತ್ತವನೇ.

ಗೆದ್ದ ಪಾತ್ರದ ಬಗ್ಗೆ ಹೊಸದೊಂದು ಕಿರು ಮಾಂಗಾ ಬರೆಯುವುದಾಗಿ ಮೊದಲೇ ಮಾತು ಕೊಡಲಾಗಿತ್ತು. ಅದರಂತೆ ಮಸಾಶಿ ಕಿಶಿಮೊಟೊ 2023ರ ಜುಲೈನಲ್ಲಿ ಮಿನಾಟೊನ ಕಥೆ ಕೊಟ್ಟರು. ಆದರೆ ಅದು ಅವನು ಬದುಕಿದ್ದ ದಿನಗಳ ಕಥೆ. ಲಕ್ಷಾಂತರ ಮತಗಳು ಅವನ ಬಾಳಿಗೆ ಕೆಲವು ಪುಟ ಸೇರಿಸಿದವು, ಸಾವನ್ನು ಅಳಿಸಲಿಲ್ಲ. ಅಳಿಸಿದ್ದರೆ ಅವನು ಆ ಪಟ್ಟಿಯ ತುದಿಗೆ ಏರುತ್ತಲೂ ಇರಲಿಲ್ಲವೇನೋ. ಓದುಗರ ಮತಕ್ಕೆ ಕಥೆಯನ್ನು ನಿಲ್ಲಿಸುವ ಶಕ್ತಿಯಿದೆ, ಬೆಳೆಸುವ ಶಕ್ತಿಯೂ ಇದೆ. ಆದರೆ ಮತ ಹಾಕುವಷ್ಟು ಪ್ರೀತಿ ಹುಟ್ಟುವುದು, ರಿಕಿಶಿಯ ಸಾವಿನಂತೆ, ಓದುಗರನ್ನು ಕೇಳದೆ ಕಥೆಗಾರ ತೆಗೆದುಕೊಂಡ ತೀರ್ಮಾನಗಳಿಂದ.