ಎಡ್ಡಿಸ್ಟನ್ ಲೈಟ್‌ಹೌಸ್: ಕಾಲಡಿಯ ಬಂಡೆಯೇ ಕೈಕೊಟ್ಟಾಗ

ಇವತ್ತು ಇಂಗ್ಲೆಂಡಿನ ಪ್ಲಿಮತ್ ಬಂದರಿನ ಕಡೆ ಹೋಗೋಣ. ಅಲ್ಲಿಂದ ಸುಮಾರು 22 ಕಿ.ಮೀ. ದೂರ, ಸಮುದ್ರದ ನಡುವೆ ಎಡ್ಡಿಸ್ಟನ್ ಅನ್ನೋ ಬಂಡೆಗಳಿವೆ. ಉಬ್ಬರದ ಹೊತ್ತಿಗೆ ಹೆಚ್ಚುಕಮ್ಮಿ ಮುಳುಗಿಬಿಡುತ್ತವೆ. ಕತ್ತಲಲ್ಲಿ ಹಡಗು ಬಡಿದ್ರೆ ಮುಗೀತು.

ಇಲ್ಲಿ ಮೊದಲು ಲೈಟ್‌ಹೌಸ್ ಕಟ್ಟಿದವನು ಹೆನ್ರಿ ವಿನ್‌ಸ್ಟಾನ್ಲಿ. ದೀಪ ಹತ್ತಿದ್ದು 1698ರಲ್ಲಿ. ಅವನು ಹಡಗುಗಳಲ್ಲಿ ದುಡ್ಡು ಹಾಕಿದ್ದ, ಎರಡು ಇದೇ ಬಂಡೆಗೆ ಬಡಿದು ಹೋಗಿದ್ವು. ಹೂಡಿಕೆ ಉಳಿಸ್ಕೊಳ್ಳೋಕೆ ಇದಕ್ಕಿಂತ ದುಬಾರಿ ದಾರಿ ನಾನಂತೂ ಕೇಳಿಲ್ಲ. 1703ರ ನವೆಂಬರ್‌ನ ಮಹಾ ಬಿರುಗಾಳಿಯ ರಾತ್ರಿ ಅವನು ಗೋಪುರದಲ್ಲೇ ಇದ್ದ. ಬೆಳಗಾದಾಗ ಗೋಪುರವೂ ಇಲ್ಲ, ಅವನೂ ಇಲ್ಲ. ಆಮೇಲೆ ಬಂದ ಮರದ ಗೋಪುರ 1755ರಲ್ಲಿ ಸುಟ್ಟುಹೋಯ್ತು.

ಮೂರನೇ ಸಲ ಕೆಲಸ ಸಿಕ್ಕಿದ್ದು ಜಾನ್ ಸ್ಮೀಟನ್‌ಗೆ. ಅವನು ಓಕ್ ಮರದ ಆಕಾರ ಹಿಡ್ಕೊಂಡ: ಬುಡ ಅಗಲ, ಮೇಲೆ ಹೋಗ್ತಾ ಸಣ್ಣ, ಭಾರವೆಲ್ಲ ಕೆಳಗೆ. ಆದ್ರೆ ನನಗೆ ಹಿಡಿಸಿದ್ದು ಜೋಡಣೆ. ಬಡಗಿಗಳು ಪೆಟ್ಟಿಗೆಯ ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕೂರಿಸ್ತಾರಲ್ಲ, ಹಾಗೆ ಗ್ರಾನೈಟ್ ಕಲ್ಲುಗಳನ್ನ ಕೆತ್ತಿ ಒಂದಕ್ಕೊಂದು ಸಿಕ್ಕಿಸಿದ. ಒಂದು ಕಲ್ಲು ಕೀಳ್ಬೇಕಂದ್ರೆ ಪಕ್ಕದ್ದೂ ಅಲುಗ್ಬೇಕು. ಒಂದರ ಮೇಲೊಂದು ವರಸೆ ಜಾರದ ಹಾಗೆ ನಡುವೆ ಅಮೃತಶಿಲೆಯ ಗೂಟ.

ಇನ್ನು ಗಾರೆ. ಸಾಮಾನ್ಯ ಸುಣ್ಣದ ಗಾರೆ ಗಟ್ಟಿಯಾಗೋಕೆ ಗಾಳಿ ಬೇಕು, ನೀರಲ್ಲಿ ಅಲೆ ತೊಳೆದುಬಿಡುತ್ತೆ. ಸ್ಮೀಟನ್ ಬೇರೆ ಬೇರೆ ಕಡೆಯ ಸುಣ್ಣದಕಲ್ಲು ತರಿಸಿ ಪರೀಕ್ಷೆ ಮಾಡಿದ. ಮಜಾ ಏನಂದ್ರೆ, ಜೇಡಿಮಣ್ಣು ಬೆರೆತ ‘ಕಲಬೆರಕೆ’ ಕಲ್ಲಿನ ಸುಣ್ಣವೇ ನೀರೊಳಗೂ ಗಟ್ಟಿಯಾಗ್ತಿತ್ತು! ಅದಕ್ಕೆ ಇಟಲಿಯಿಂದ ತರಿಸಿದ ಜ್ವಾಲಾಮುಖಿ ಬೂದಿ ಸೇರಿಸಿದ. ಇವತ್ತಿನ ಸಿಮೆಂಟಿನ ಕಥೆ ಹೇಳೋರು ಈ ಪ್ರಯೋಗ ಬಿಟ್ಟು ಮುಂದೆ ಹೋಗೋ ಹಾಗಿಲ್ಲ.

1759ರ ಅಕ್ಟೋಬರ್ 16ಕ್ಕೆ ದೀಪ ಹತ್ತಿತು. ಎತ್ತರ ಸುಮಾರು 22 ಮೀಟರ್. ಬೆಳಕು? 24 ಮೇಣದಬತ್ತಿ. ಅಷ್ಟೇ.

ನೂರು ವರ್ಷ ದಾಟಿದ ಮೇಲೆ ತೊಂದರೆ ಶುರುವಾಯ್ತು. ದೊಡ್ಡ ಅಲೆ ಬಡಿದಾಗೆಲ್ಲ ಗೋಪುರ ಅಲುಗಾಡ್ತಿತ್ತು. ಕಟ್ಟಡ ಸರಿಯಾಗೇ ಇತ್ತು, ಕೆಳಗಿನ ಬಂಡೆಯನ್ನ ಸಮುದ್ರ ಕೊರೆದಿತ್ತು. ಜೇಮ್ಸ್ ಡಗ್ಲಸ್ ಪಕ್ಕದ ಬಂಡೆಯ ಮೇಲೆ ಹೊಸ ಗೋಪುರ ಕಟ್ಟಿದ, 1882ರಲ್ಲಿ ಅದರ ದೀಪ ಹತ್ತಿತು. ಸ್ಮೀಟನ್ ಗೋಪುರದ ಮೇಲ್ಭಾಗವನ್ನ ಕಲ್ಲು ಕಲ್ಲಾಗಿ ಬಿಚ್ಚಿ, ಪ್ಲಿಮತ್ ದಡದ ‘ಹೋ’ ಮೈದಾನದಲ್ಲಿ ಮತ್ತೆ ನಿಲ್ಲಿಸಿದ್ರು. ಈಗ ಜನ ಹತ್ತಿ ನೋಡೋದು ಅದನ್ನೇ. ಬುಡ ಮಾತ್ರ ಬಿಚ್ಚೋಕೆ ಆಗ್ಲಿಲ್ಲ, ಅಷ್ಟು ಗಟ್ಟಿ. ಹೊಸ ಗೋಪುರದ ಪಕ್ಕದಲ್ಲಿ, ಅದೇ ಬಂಡೆಯ ಮೇಲೆ, ಇವತ್ತಿಗೂ ಇದೆ.