ಗೋಡೆಯಾಚೆಯ ಉಸಿರು ಹುಡುಕುವ ರೇಡಾರ್

ಧರ್ಮಪುರಿ ಜಿಲ್ಲೆಯ ಪೆನ್ನಾಗರ, ಸೇಲಂ ಜಿಲ್ಲೆಯ ಮೆಟ್ಟೂರು ಕಡೆಯ ಹಳ್ಳಿಗಳಿಂದ ಗಾರೆ ಕೆಲಸ, ಕಂಬಿ ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವವರು ಇದ್ದಾರೆ. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಮಳೆಯ ನಡುವೆ ಕುಸಿದು ಕಾರ್ಮಿಕರು ಸಾವಿಗೀಡಾದರು. ಇಂಥ ಸುದ್ದಿ ಬಂದಾಗ ಊರಿನವರ ಪ್ರಶ್ನೆ ಒಂದೇ: ಒಳಗಿದ್ದವರು ಬದುಕಿದ್ದಾರೆಯೇ? ಅದನ್ನು ತಿಳಿಯಲು ನೆರವಾಗುವ ಸಾಧನಗಳಲ್ಲಿ ರೇಡಾರ್ ಕೂಡ ಒಂದು.

ಹೇಗೆ ಕೆಲಸ ಮಾಡುತ್ತದೆ?

ವಿಮಾನ ಪತ್ತೆ ಮಾಡುವ ರೇಡಾರಿನ ತತ್ವವೇ ಇಲ್ಲಿಯೂ ಇದೆ. ಉಪಕರಣ ರೇಡಿಯೋ ಅಲೆ ಕಳುಹಿಸುತ್ತದೆ, ಅದು ಬಡಿದು ಹಿಂತಿರುಗಿದ ಹೊತ್ತನ್ನು ಅಳೆದು ದೂರ ಲೆಕ್ಕ ಹಾಕುತ್ತದೆ. 15 ಮೀಟರ್ ಆಚೆಯ ವಸ್ತುವಿನಿಂದ ಅಲೆ ಮರಳಲು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ಒಣ ಇಟ್ಟಿಗೆ, ಮರ, ಕಾಂಕ್ರೀಟ್ ಮೂಲಕ ಈ ಅಲೆ ಸ್ವಲ್ಪ ಶಕ್ತಿ ಕಳೆದುಕೊಂಡರೂ ದಾಟುತ್ತದೆ.

ಗೋಡೆ, ಕಲ್ಲು ಅಲುಗುವುದಿಲ್ಲ. ಬದುಕಿರುವ ಮನುಷ್ಯನ ಎದೆ ಮಾತ್ರ ಉಸಿರಾಟಕ್ಕೆ ಕೆಲವು ಮಿಲಿಮೀಟರ್ ಏರಿಳಿಯುತ್ತದೆ, ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20 ಸಲ. ಅಲುಗದ ವಸ್ತುಗಳ ಪ್ರತಿಧ್ವನಿಯನ್ನು ಕಂಪ್ಯೂಟರ್ ಕಳೆದುಹಾಕಿದರೆ ಉಳಿಯುವುದು ಆ ಉಸಿರಿನ ಗುರುತು.

ಎಲ್ಲಿ ಬಳಕೆಯಾಗಿದೆ?

2015ರ ಏಪ್ರಿಲ್ 25ರ ನೇಪಾಳ ಭೂಕಂಪದ ನಂತರ ಚೌತಾರಾ ಎಂಬಲ್ಲಿ ನಾಸಾ ರೂಪಿಸಿದ 'ಫೈಂಡರ್' ರೇಡಾರ್ ಎರಡು ಕುಸಿದ ಕಟ್ಟಡಗಳಡಿ ಎದೆಬಡಿತ ಗುರುತಿಸಿತು. ಸುಮಾರು 10 ಅಡಿ ಅವಶೇಷದಡಿ ಇದ್ದ ನಾಲ್ವರನ್ನು ಹೊರತೆಗೆಯಲಾಯಿತು.

ನಮ್ಮಲ್ಲಿ ಬೆಂಗಳೂರಿನ ಸಿ.ವಿ.ರಾಮನ್ ನಗರದಲ್ಲಿರುವ ಡಿಆರ್‌ಡಿಓದ ಎಲ್‌ಆರ್‌ಡಿಇ ಪ್ರಯೋಗಾಲಯ 'ದಿವ್ಯಚಕ್ಷು' ಎಂಬ ಗೋಡೆಯಾಚೆ ನೋಡುವ ರೇಡಾರ್ ಅಭಿವೃದ್ಧಿಪಡಿಸಿದೆ. 2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ ಉಗ್ರರು ಹೋಟೆಲ್ ಕೋಣೆಗಳಲ್ಲಿ ಅಡಗಿದ್ದಾಗ ಇಂಥ ಉಪಕರಣದ ಕೊರತೆ ಎದ್ದು ಕಂಡಿತ್ತು.

ಮಿತಿಗಳೇನು?

ತಗಡು, ಕಬ್ಬಿಣದ ಹಾಳೆ ಇದ್ದರೆ ಅಲೆ ಒಳಗೆ ಹೋಗದು. ಒತ್ತೊತ್ತಾಗಿ ಕಟ್ಟಿದ ಕಂಬಿ, ಮಳೆಯಲ್ಲಿ ನೆಂದ ಮಣ್ಣು ಅದನ್ನು ದುರ್ಬಲಗೊಳಿಸುತ್ತವೆ. ನಗರದಲ್ಲಿ ಅಲೆ ಹಲವು ಗೋಡೆಗಳಿಗೆ ಬಡಿದು ಬರುವುದರಿಂದ, ಇಲ್ಲದ ಕಡೆ ಮನುಷ್ಯ ಇದ್ದಂತೆ ತೋರಿಸಬಹುದು. ಪರದೆಯಲ್ಲಿ ಮುಖ ಕಾಣುವುದಿಲ್ಲ, ಯಾರೆಂದು ಗೊತ್ತಾಗುವುದಿಲ್ಲ. ಮುಖ್ಯವಾಗಿ, ಗುರುತು ಸಿಗಲಿಲ್ಲ ಎಂದರೆ ಜೀವ ಇಲ್ಲ ಎಂದು ಅರ್ಥವಲ್ಲ. ಆದ್ದರಿಂದಲೇ ನಾಯಿಗಳು, ಸದ್ದು ಆಲಿಸುವ ಯಂತ್ರ, ಕ್ಯಾಮೆರಾ ಎಲ್ಲವನ್ನೂ ಜೊತೆಗೆ ಬಳಸುತ್ತಾರೆ.

ನೀವು ಏನು ಮಾಡಬೇಕು?

* ಕುಸಿದ ಜಾಗದ ಮೇಲೆ ಗುಂಪು ಹತ್ತಬೇಡಿ. ಹೊರಗಿನವರ ಓಡಾಟವೂ ರೇಡಾರಿಗೆ ಜೀವದಂತೆಯೇ ಕಾಣುತ್ತದೆ.
* ರಕ್ಷಣಾ ಸಿಬ್ಬಂದಿ ಕೈ ಎತ್ತಿದಾಗ ಯಂತ್ರ ನಿಲ್ಲಿಸಿ, ಮೌನವಾಗಿರಿ.
* ಎಷ್ಟು ಜನ, ಯಾವ ಮಹಡಿ, ಯಾವ ಮೂಲೆಯಲ್ಲಿದ್ದರು ಎಂದು ಹೇಳಿ. ಎಲ್ಲಿ ಹುಡುಕಬೇಕೆಂದು ರೇಡಾರಿಗೆ ತಾನಾಗಿ ತಿಳಿಯದು.
* ಒಳಗೆ ಸಿಲುಕಿದವರು ಕೂಗಿ ದಣಿಯದೆ ಪೈಪನ್ನೋ ಗೋಡೆಯನ್ನೋ ಬಿಟ್ಟು ಬಿಟ್ಟು ತಟ್ಟಬೇಕು.

ತುರ್ತು ಕರೆಗೆ ಎರಡೂ ರಾಜ್ಯಗಳಲ್ಲಿ 112. ತಮಿಳುನಾಡಿನಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿ 1077. ಕೆಲಸಕ್ಕೆ ಹೋಗುವವರು ಮೇಸ್ತ್ರಿಯ ಫೋನ್ ನಂಬರು, ಕೆಲಸದ ಜಾಗದ ವಿಳಾಸ ಮನೆಯಲ್ಲಿ ಬರೆದಿಟ್ಟು ಹೋಗುವುದು ಒಳ್ಳೆಯದು.